ಹಾಸನದಂಥ ಊರಲ್ಲಿ ಕರಾಟೆ ಕ್ಲಾಸ್: ಮೊಬೈಲ್‌ನಲ್ಲಿ ಹುಡುಕುವ ಅಪ್ಪ ಅಮ್ಮನನ್ನು ಬಾಗಿಲವರೆಗೆ ಕರೆತರುವುದು ಹೇಗೆ?

ಜೂನ್ ತಿಂಗಳ ಒಂದು ಸಂಜೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಒಳಗೆ ಮಕ್ಕಳು ಸಾಲಾಗಿ ನಿಂತು ಪಂಚ್ ಎಣಿಸುತ್ತಿದ್ದರು. ಗೇಟ್ ಹತ್ತಿರ ಒಬ್ಬ ತಾಯಿ ಸ್ಕೂಟರ್ ನಿಲ್ಲಿಸಿ, ರೇನ್‌ಕೋಟ್ ಕೂಡ ಬಿಚ್ಚದೆ ಕಿಟಕಿಯಿಂದ ನೋಡುತ್ತಾ ನಿಂತಿದ್ದರು. ಒಳಗೆ ಬನ್ನಿ ಮೇಡಂ ಅಂದೆ. ಬಂದರು. ಕೈಯಲ್ಲಿದ್ದ ಮೊಬೈಲ್‌ನಲ್ಲಿ ನಮ್ಮ ಕ್ಲಾಸಿನದೇ ವಿಡಿಯೋ ತೆರೆದಿತ್ತು.

"ಒಂದು ವಾರದಿಂದ ನಿಮ್ಮ ರೀಲ್ಸ್ ನೋಡ್ತಿದ್ದೀನಿ ಸರ್. ಒಂದು ಕೇಳ್ಬೇಕಿತ್ತು. ಮಕ್ಕಳಿಗೆ ಹೊಡೀತೀರಾ?"

ಒಂದು ವಾರ ನೋಡಿದ ಮೇಲೂ ಅವರಿಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ನಾವು ಹಾಕಿದ್ದೆಲ್ಲ ಹೆಂಚು ಒಡೆಯುವುದು, ಹಾರಿ ಒದೆಯುವುದು, ಟ್ರೋಫಿ ಹಿಡಿದ ಗ್ರೂಪ್ ಫೋಟೋ. ನೋಡೋಕೆ ಚೆನ್ನಾಗಿತ್ತು ನಿಜ. ಆದರೆ ಏಳು ವರ್ಷದ ಮಗಳನ್ನು ಗುರುತಿಲ್ಲದ ಒಬ್ಬರ ಕೈಗೆ ಒಂದು ಗಂಟೆ ಒಪ್ಪಿಸಿ ಹೋಗಬೇಕಾದ ಅಮ್ಮನಿಗೆ ಬೇಕಾದ್ದು ಅದಲ್ಲ ಅಲ್ವಾ? ಅವತ್ತಿನಿಂದ ನಾನು ಇಂಟರ್ನೆಟ್‌ನಲ್ಲಿ ಏನು ಹಾಕುವುದಿದ್ದರೂ ಆ ತಾಯಿಯನ್ನು ನೆನಪಿಸಿಕೊಂಡೇ ಹಾಕುತ್ತೇನೆ. ಹಾಸನದಲ್ಲಿ ಕ್ಲಾಸ್ ನಡೆಸುತ್ತಾ ನಾನು ಕಲಿತಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಟೇಕ್ವಾಂಡೋ, ಕುಂಗ್ ಫೂ, ಜೂಡೋ ಕಲಿಸುವವರಿಗೂ ಇದು ಹೊಂದುತ್ತದೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಪೇಜ್ ಮಾಡುವುದು, ಲೋಗೋ ಮಾಡಿಸುವುದು ಎಲ್ಲ ಆಮೇಲೆ. ಮೊದಲು ಒಂದು ತಿಂಗಳು, ಬಂದ ಪ್ರತಿ ಫೋನಿನಲ್ಲಿ ಏನು ಕೇಳಿದರು ಅಂತ ಅವರ ಮಾತಿನಲ್ಲೇ ಬರೆದಿಡಿ. ನನ್ನ ನೋಟ್‌ಬುಕ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು: ಎಷ್ಟು ವರ್ಷಕ್ಕೆ ಸೇರಿಸಬಹುದು, ಪೆಟ್ಟಾಗುತ್ತಾ, ಫೀಸ್ ಎಷ್ಟು, ಡ್ರೆಸ್‌ಗೆ ಬೇರೆ ದುಡ್ಡಾ, ಬೆಲ್ಟ್ ಟೆಸ್ಟ್‌ಗೆ ಎಷ್ಟು ಆಗುತ್ತೆ, ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ಟ್ಯೂಷನ್ ಮುಗಿಸಿ ಬಂದರೆ ನಡೆಯುತ್ತಾ, ನಾವು ಅಲ್ಲೇ ಕೂತು ನೋಡಬಹುದಾ. ನಿಮ್ಮ ಕರಾಟೆ ಸ್ಟೈಲ್ ಶೋಟೋಕಾನಾ, ಗೋಜು ರ್ಯೂನಾ ಅಂತ ಇಡೀ ತಿಂಗಳಲ್ಲಿ ಕೇಳಿದ್ದು ಒಬ್ಬರೇ ಒಬ್ಬರು. ಅವರೂ ಕಾಲೇಜಿನಲ್ಲಿ ಕರಾಟೆ ಆಡಿದವರು.

ಹಾಗಂತ ಸ್ಟೈಲ್ ಮುಖ್ಯ ಅಲ್ಲ ಅಂತಲ್ಲ. ನಮಗೆ ಅದು ಪ್ರಾಣ. ಆದರೆ ಬೋರ್ಡಿನ ಮುಕ್ಕಾಲು ಭಾಗ ಜಪಾನಿ ಹೆಸರು, ಸಂಘದ ಹೆಸರು, ಡಾನ್ ನಂಬರ್ (ಬ್ಲ್ಯಾಕ್ ಬೆಲ್ಟ್‌ನ ಮಟ್ಟ) ತುಂಬಿಸಿ ಸಮಯ ಮತ್ತು ಫೋನ್ ನಂಬರನ್ನು ಮೂಲೆಗೆ ತಳ್ಳುತ್ತೇವಲ್ಲ, ಅದು ತಪ್ಪು. ಈ ನೋಟ್‌ಬುಕ್ಕಿನ ಒಂದೊಂದು ಪ್ರಶ್ನೆಯೂ ನಿಮಗೆ ಒಂದೊಂದು ವಿಡಿಯೋ, ಒಂದೊಂದು ಪೋಸ್ಟ್. ಮುಂದೆ ಏನು ಹಾಕುವುದು ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ.

ಗೂಗಲ್ ಮ್ಯಾಪ್: ಮೊದಲ ಕೆಲಸ ಇಲ್ಲಿ

ಸಾಲಗಾಮೆ ರಸ್ತೆ ಕಡೆ ಹೊಸದಾಗಿ ಮನೆ ಮಾಡಿದ ಒಬ್ಬರು ಮಗನಿಗೆ ಕ್ಲಾಸ್ ಹುಡುಕಬೇಕು ಅಂದುಕೊಳ್ಳಿ. ಮೊಬೈಲ್ ತೆಗೆದು ಹತ್ತಿರದ ಕರಾಟೆ ಕ್ಲಾಸ್ ಯಾವುದು ಅಂತ ಹುಡುಕುತ್ತಾರೆ. ಮ್ಯಾಪ್‌ನಲ್ಲಿ ಮೂರು ಹೆಸರು ಬರುತ್ತವೆ. ನಾಲ್ಕನೆಯದನ್ನು ನೋಡುವವರು ಕಡಿಮೆ. ಹುಡುಕಿದ್ದಕ್ಕೂ ನಿಮ್ಮ ಕ್ಲಾಸಿಗೂ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಜನರಿಗೆ ಎಷ್ಟು ಗೊತ್ತಿದೆ, ಮುಖ್ಯವಾಗಿ ಈ ಮೂರನ್ನು ನೋಡಿ ಗೂಗಲ್ ಸಾಲು ನಿಲ್ಲಿಸುತ್ತದೆ. ದೂರ ನಮ್ಮ ಕೈಲಿಲ್ಲ. ಉಳಿದ ಎರಡು ಇವೆ.

ಮ್ಯಾಪ್‌ನಲ್ಲಿ ಹೀಗೆ ಕಾಣಿಸಿಕೊಳ್ಳೋಕೆ ಬೇಕಾದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅದು ಪೂರ್ತಿ ಉಚಿತ. ಮಾಡಿಕೊಡುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರು ಫೋನ್ ಮಾಡುತ್ತಾರೆ, ಕೊಡಬೇಡಿ. ನಿಮ್ಮದೇ ಜೀಮೇಲ್‌ನಿಂದ ನೀವೇ ಮಾಡಿ. ಶಿಷ್ಯನ ಜೀಮೇಲ್‌ನಿಂದಲೂ ಬೇಡ. ಅವನು ಓದೋಕೆ ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡ್‌ಗೆ ಅಲೆಯಬೇಕಾಗುತ್ತದೆ.

ಹೆಸರು ಹಾಕುವಾಗ ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಿ. "ಬೆಸ್ಟ್ ಕರಾಟೆ ಕ್ಲಾಸ್ ಇನ್ ಹಾಸನ್" ಅಂತ ಹೆಸರಿನ ಜೊತೆ ಅಂಟಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತಾದರೆ ವಾಪಸ್ ತರೋಕೆ ಪಡುವ ಪಾಡು ಬೇಡ. ವಿಭಾಗ ಆರಿಸುವಾಗ ಸುಮ್ನೆ ಜಿಮ್ ಅಂತ ಒತ್ತಬೇಡಿ, ಕರಾಟೆ ಸ್ಕೂಲ್, ಮಾರ್ಷಲ್ ಆರ್ಟ್ಸ್ ಸ್ಕೂಲ್ ಅಂತಲೇ ಇವೆ. ಸಮಯದ ಜಾಗದಲ್ಲಿ ಕ್ಲಾಸ್ ನಡೆಯುವ ಸಮಯ ಮಾತ್ರ ಹಾಕಿ. ದಿನಪೂರ್ತಿ ತೆರೆದಿದೆ ಅಂತ ಹಾಕಿದರೆ ಮಧ್ಯಾಹ್ನ ಎರಡು ಗಂಟೆಗೆ ಯಾರೋ ಮಗುವನ್ನು ಕರೆದುಕೊಂಡು ಬಂದು ಬೀಗ ನೋಡಿ ಹೋಗುತ್ತಾರೆ. ಅವರು ಮತ್ತೆ ಬರುವುದಿಲ್ಲ.

ಜಾಗ ನಿಮ್ಮದೇ ಅಂತ ಖಾತ್ರಿಪಡಿಸಲು ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಕಟ್ ಮಾಡದೆ ಒಂದೇ ಸಲಕ್ಕೆ, ಕನಿಷ್ಠ 30 ಸೆಕೆಂಡ್ ತೆಗೆಯಬೇಕು. ನಾನು ಹೀಗೆ ತೆಗೆದೆ: ರಸ್ತೆಯ ಹೆಸರಿನ ಫಲಕ, ಪಕ್ಕದ ಅಂಗಡಿ, ನಮ್ಮ ಬೋರ್ಡ್, ಆಮೇಲೆ ಕೀ ಹಾಕಿ ಬೀಗ ತೆಗೆಯುವುದು, ಒಳಗಿನ ಮ್ಯಾಟ್, ಕಿಕ್ ಪ್ಯಾಡ್, ಗೋಡೆಯ ಮೇಲಿನ ಸರ್ಟಿಫಿಕೇಟ್.

ಇಲ್ಲಿ ನಮ್ಮಂಥವರಿಗೆ ಒಂದು ತೊಡಕು ಇದೆ. ನಮ್ಮಲ್ಲಿ ಎಷ್ಟೋ ಜನ ಶಾಲೆಯ ಮೈದಾನದಲ್ಲೋ, ಸಮುದಾಯ ಭವನದಲ್ಲೋ, ಯಾರದೋ ಮನೆ ಟೆರೇಸ್ ಮೇಲೋ ಕ್ಲಾಸ್ ನಡೆಸುತ್ತೇವೆ. ನಿಮಗೆ ಹಕ್ಕಿಲ್ಲದ ಜಾಗದಲ್ಲಿ ನಡೆಯುವ ಕ್ಲಾಸಿಗೆ ಗೂಗಲ್ ಪ್ರೊಫೈಲ್ ಕೊಡುವುದಿಲ್ಲ. ಆದ್ದರಿಂದ ಜಾಗದ ಮಾಲೀಕರ ಹತ್ತಿರ ಬಾಡಿಗೆ ಕರಾರೋ ಒಪ್ಪಿಗೆ ಪತ್ರವೋ ಬರೆಸಿಕೊಂಡು, ಅಲ್ಲಿ ಒಂದು ಕಾಯಂ ಬೋರ್ಡ್ ಹಾಕಿಸಿ, ಆಮೇಲೆ ಅರ್ಜಿ ಹಾಕಿ. ಹಾಗೇ, ಹಿಂದೆ ಈ ಪ್ರೊಫೈಲ್ ಜೊತೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ನಿಮ್ಮ ಹಳೇ ಪಾಂಪ್ಲೆಟ್‌ನಲ್ಲಿ ಆ ವಿಳಾಸ ಇದ್ದರೆ ಮುಂದಿನ ಸಲ ತೆಗೆಸಿಬಿಡಿ.

ರಿವ್ಯೂ ಕೇಳೋಕೆ ಸಂಕೋಚ ಬೇಡ. ಯಾವಾಗ ಕೇಳಬೇಕು ಅನ್ನುವುದು ಮುಖ್ಯ. ಬೆಲ್ಟ್ ಟೆಸ್ಟ್ ಮುಗಿದು, ಮಗಳ ಸೊಂಟಕ್ಕೆ ಹಳದಿ ಬೆಲ್ಟ್ ಕಟ್ಟಿದ ದಿನ ಅಪ್ಪ ಹತ್ತು ಫೋಟೋ ತೆಗೆಯುತ್ತಾರೆ ನೋಡಿ, ಆ ಸಂಜೆ ಲಿಂಕ್ ಕಳಿಸಿ. "ಚೆನ್ನಾಗಿದೆ ಅಂತ ಬರೆಯೋದು ಬೇಡ ಸರ್, ಮಗಳಲ್ಲಿ ಏನು ಬದಲಾಗಿದೆ ಅನ್ನಿಸ್ತೋ ಅದನ್ನ ಕನ್ನಡದಲ್ಲೇ ಎರಡು ಸಾಲು ಬರೀರಿ" ಅನ್ನಿ. ಒಬ್ಬರು ಬರೆದರು: "ಮೊದಲು ಅಂಗಡಿಯಲ್ಲಿ ಚಿಲ್ಲರೆ ಕೇಳೋಕೂ ನನ್ನ ಹಿಂದೆ ಅಡಗ್ತಿದ್ದಳು, ಈಗ ಅವಳೇ ಹೋಗಿ ತರ್ತಾಳೆ." ಆ ಎರಡು ಸಾಲು ಓದಿ ಬಂದವರನ್ನು ನಾನೇ ನೋಡಿದ್ದೇನೆ. ರಿವ್ಯೂ ಬರೆದರೆ ಫೀಸ್‌ನಲ್ಲಿ ರಿಯಾಯಿತಿ ಅಂತ ಮಾತ್ರ ಹೇಳಬೇಡಿ, ಅದಕ್ಕೆ ಗೂಗಲ್ ಒಪ್ಪುವುದಿಲ್ಲ, ನಮಗೂ ಅದು ಮರ್ಯಾದೆ ಅಲ್ಲ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯಬೇಡಿ. ನಮಗೆ ಒಬ್ಬರು "ಹೇಳಿದ ಟೈಮ್‌ಗೆ ಬಿಡಲ್ಲ, ಹೊರಗೆ ಕಾಯಬೇಕು" ಅಂತ ಎರಡು ಸ್ಟಾರ್ ಕೊಟ್ಟರು. ಮಾತು ನಿಜ. ಕ್ಷಮೆ ಕೇಳಿ, ಇನ್ನು ಏಳು ಗಂಟೆಗೆ ಸರಿಯಾಗಿ ಬಿಡುತ್ತೇವೆ ಅಂತ ಕೆಳಗೆ ಬರೆದೆ, ಹಾಗೇ ಬಿಡೋಕೆ ಶುರು ಮಾಡಿದೆ.

ವಾಟ್ಸಾಪ್‌ನಲ್ಲಿ ಉತ್ತರ ಕೊಡುವ ರೀತಿ

ನಮ್ಮ ಊರಲ್ಲಿ ವ್ಯವಹಾರ ಎಲ್ಲ ಕೊನೆಗೆ ಬಂದು ನಿಲ್ಲುವುದು ವಾಟ್ಸಾಪ್‌ನಲ್ಲಿ. ಮನೆ ನಂಬರ್ ಬೇರೆ ಇಟ್ಟುಕೊಂಡು, ಕ್ಲಾಸಿಗೆ ಒಂದು ನಂಬರ್ ತಗೊಂಡು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. ಅದೂ ಉಚಿತ. ಅದರ ಕ್ಯೂಆರ್ ಕೋಡ್ ತೆಗೆದು ಬೋರ್ಡ್, ಪಾಂಪ್ಲೆಟ್ ಎರಡರಲ್ಲೂ ಅಚ್ಚು ಹಾಕಿಸಿ. ನಂಬರ್ ಬರೆದುಕೊಳ್ಳೋಕೆ ಪೆನ್ ಹುಡುಕುವವರು ಈಗ ಯಾರಿದ್ದಾರೆ?

ಮೆಸೇಜ್ ಬರುವುದು ಹೆಚ್ಚಾಗಿ ರಾತ್ರಿ, ಮಕ್ಕಳು ಊಟ ಮಾಡಿ ಮಲಗಿದ ಮೇಲೆ. "ಕರಾಟೆ ಫೀಸ್?" ಅಂತ ಎರಡೇ ಪದ ಇರುತ್ತದೆ. ನಾವು ಮಾಡುವ ತಪ್ಪು ಏನಂದರೆ ಮರುದಿನ ಸಂಜೆ ನೋಡಿ "ನೇರವಾಗಿ ಬನ್ನಿ, ಮಾತಾಡೋಣ" ಅಂತ ಕಳಿಸುವುದು. ಅಷ್ಟರಲ್ಲಿ ಅವರು ಇನ್ನೆಲ್ಲೋ ಸೇರಿಸಿರುತ್ತಾರೆ, ಇಲ್ಲವೇ ಆ ವಿಷಯವನ್ನೇ ಬಿಟ್ಟಿರುತ್ತಾರೆ. ಆ್ಯಪ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, ಒಮ್ಮೆ ಬರೆದಿಟ್ಟರೆ ಒಂದು ಒತ್ತಿಗೆ ಹೋಗುತ್ತದೆ. ನಾನು ಬರೆದಿಟ್ಟಿರುವುದು ಇದು:

"ನಮಸ್ಕಾರ. ಕೇಳಿದ್ದಕ್ಕೆ ಧನ್ಯವಾದ. ಸೋಮ, ಬುಧ, ಶುಕ್ರ ಸಂಜೆ 6ರಿಂದ 7. ತಿಂಗಳಿಗೆ ₹700. ಡ್ರೆಸ್ ಮೊದಲ ತಿಂಗಳು ಬೇಕಾಗಿಲ್ಲ, ಟ್ರ್ಯಾಕ್ ಪ್ಯಾಂಟ್ ಸಾಕು. ಬೆಲ್ಟ್ ಟೆಸ್ಟ್‌ಗೆ ಬೇರೆ ಶುಲ್ಕ ಇದೆ, ಮೊದಲೇ ತಿಳಿಸುತ್ತೇವೆ. ಎರಡು ಕ್ಲಾಸ್ ಬಂದು ನೋಡಿ, ಫೀಸ್ ಆಮೇಲೆ. ನೀವು ಅಲ್ಲೇ ಕೂತು ನೋಡಬಹುದು. ಮಗುವಿನ ವಯಸ್ಸು ಎಷ್ಟು?"

ಕೊನೆಯ ಪ್ರಶ್ನೆ ಬಿಡಬೇಡಿ. ಅದಿದ್ದರೆ ಅವರು ಏನಾದರೂ ಬರೆಯುತ್ತಾರೆ, ಮಾತು ಮುಂದುವರಿಯುತ್ತದೆ. ಫೀಸ್ ಬರೆಯೋಕೆ ಹೆದರುವವರು ತುಂಬಾ ಜನ. ಹಾಕಿದರೆ ಜಾಸ್ತಿ ಅನ್ನಿಸಿ ಬರುವುದಿಲ್ಲ ಅಂತ. ಆದರೆ ಮುಚ್ಚಿಟ್ಟರೆ ಏನೋ ಇದೆ ಅನ್ನಿಸುತ್ತದೆ. ಬೆಲ್ಟ್ ಟೆಸ್ಟ್ ಖರ್ಚು ಮುಚ್ಚಿಟ್ಟು ಆಮೇಲೆ ಹೇಳುವುದಂತೂ ಕ್ಲಾಸಿನ ಹೆಸರನ್ನೇ ಕೆಡಿಸುತ್ತದೆ.

ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಸೇರಿದ ದಿನವೇ ನಂಬರ್ ಸೇವ್ ಮಾಡಿಸಿ. ಪೋಷಕರ ಗ್ರೂಪ್ ಮಾಡಿದರೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಇಡಿ. ಗುಡ್ ಮಾರ್ನಿಂಗ್ ಹೂವಿನ ಮಧ್ಯೆ "ಇವತ್ತು ಮಳೆ, ಕ್ಲಾಸ್ ಇಲ್ಲ" ಅನ್ನುವುದು ಕಳೆದುಹೋಗಬಾರದು.

ರೀಲ್ಸ್: ಯಾರನ್ನು ತೋರಿಸಬೇಕು, ಯಾರನ್ನು ಬೇಡ

ದುಬಾರಿ ಕ್ಯಾಮೆರಾ ಬೇಡ. ಮೊಬೈಲ್ ನೆಟ್ಟಗೆ ಹಿಡಿದು, ಕಿಟಕಿಯ ಬೆಳಕು ಮಕ್ಕಳ ಮುಖದ ಮೇಲೆ ಬೀಳುವ ಹಾಗೆ ನಿಂತು ತೆಗೆಯಿರಿ. ಮೊದಲ ಎರಡು ಸೆಕೆಂಡ್‌ನಲ್ಲೇ ವಿಷಯ ಕಾಣಬೇಕು, ಲೋಗೋ ತಿರುಗುತ್ತಾ ಬರುವ ಇಂಟ್ರೋ ಯಾರೂ ನೋಡುವುದಿಲ್ಲ. ನೋಟ್‌ಬುಕ್‌ನಿಂದ ಒಂದು ಪ್ರಶ್ನೆ ತೆಗೆದು, ಅದನ್ನೇ ಸ್ಕ್ರೀನ್ ಮೇಲೆ ಕನ್ನಡದಲ್ಲಿ ಬರೆದು, ಉತ್ತರವನ್ನು ಮಾಡಿ ತೋರಿಸಿ. ಪೆಟ್ಟಾಗುತ್ತಾ ಅಂತ ಕೇಳುತ್ತಾರಲ್ಲ, ಹೊಸ ಮಕ್ಕಳು ಮೊದಲ ತಿಂಗಳು ಏನೇನು ಮಾಡುತ್ತಾರೆ ಅಂತ ತೋರಿಸಿ: ವಾರ್ಮಪ್, ನಿಲ್ಲುವ ರೀತಿ, ಗಾಳಿಯಲ್ಲಿ ಪಂಚ್, ಪ್ಯಾಡ್ ಮೇಲೆ ಕಿಕ್. ಎದುರಾಳಿ ಇನ್ನೂ ಬಂದೇ ಇಲ್ಲ ಅಂತ ಅವರಿಗೇ ಕಾಣುತ್ತದೆ.

ನಮ್ಮಲ್ಲಿ ಹೆಚ್ಚು ಜನ ನೋಡಿದ ವಿಡಿಯೋ ಯಾವುದು ಗೊತ್ತಾ? ಆರು ವರ್ಷದ ಹುಡುಗನಿಗೆ ಬೆಲ್ಟ್ ಕಟ್ಟೋಕೆ ಕಲಿಸುವುದು. ನಾನು ಮಂಡಿಯೂರಿ ಅವನ ಎತ್ತರಕ್ಕೆ ಕೂತಿದ್ದೇನೆ. ಅವನು ಎರಡು ತುದಿ ಸಮ ಮಾಡುತ್ತಾನೆ, ಸುತ್ತುತ್ತಾನೆ, ಗಂಟು ಹಾಕುತ್ತಾನೆ, ಗಂಟು ಬಿಚ್ಚಿಹೋಗುತ್ತದೆ. ನಾಲ್ಕನೇ ಸಲಕ್ಕೆ ನಿಲ್ಲುತ್ತದೆ. ಅವನು ತಲೆ ಎತ್ತಿ ನೋಡುತ್ತಾನೆ. 40 ಸೆಕೆಂಡ್ ಅಷ್ಟೇ. ಹೊಡೀತೀರಾ ಅಂತ ಕೇಳಿದ ತಾಯಿಗೆ ಉತ್ತರ ಅದರಲ್ಲಿತ್ತು, ನಾನು ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಒಂದು ಟೂರ್ನಮೆಂಟ್‌ನಲ್ಲಿ ನಮ್ಮ ಒಂಬತ್ತು ವರ್ಷದ ಹುಡುಗ ಕುಮಿಟೆಯಲ್ಲಿ, ಅಂದರೆ ಎದುರಾಳಿ ಜೊತೆಗಿನ ಪಂದ್ಯದಲ್ಲಿ, ಸೋತು ಹೆಲ್ಮೆಟ್ ತೊಡೆ ಮೇಲಿಟ್ಟು ಅಳುತ್ತಾ ಕೂತಿದ್ದ. ನಾನು ಅವನ ಭುಜದ ಮೇಲೆ ಕೈ ಇಟ್ಟು ಮಾತಾಡುತ್ತಿದ್ದೆ. ಯಾರೋ ವಿಡಿಯೋ ತೆಗೆದುಕೊಟ್ಟರು. ಮನ ಮುಟ್ಟುವ ಹಾಗಿತ್ತು, ಹಾಕಿಬಿಟ್ಟೆ. ಎರಡೇ ದಿನದಲ್ಲಿ ಸಾವಿರಾರು ಜನ ನೋಡಿದರು. ಸೋಮವಾರ ಹುಡುಗ ಕ್ಲಾಸಿಗೆ ಬರಲಿಲ್ಲ. ಬುಧವಾರವೂ ಇಲ್ಲ. ಶಾಲೆಯಲ್ಲಿ ದೊಡ್ಡ ಹುಡುಗರು ಆ ವಿಡಿಯೋ ತೋರಿಸಿ ಆಡಿಕೊಂಡಿದ್ದರಂತೆ. ಮನೆಗೆ ಹೋಗಿ ಅವನ ಹತ್ತಿರವೇ ಕ್ಷಮೆ ಕೇಳಿದೆ, ಅವನ ಎದುರಿಗೇ ಡಿಲೀಟ್ ಮಾಡಿದೆ. ಎರಡು ವಾರ ಬಿಟ್ಟು ಬಂದ. ಇವತ್ತಿಗೂ ಅದನ್ನು ನೆನೆದರೆ ನನಗೆ ನೋವಾಗುತ್ತದೆ.

ಅಲ್ಲಿಂದ ಅಡ್ಮಿಷನ್ ಫಾರ್ಮ್‌ನಲ್ಲೇ ಕೇಳುತ್ತೇವೆ: ಮಗುವಿನ ಫೋಟೋ, ವಿಡಿಯೋ ಹಾಕಬಹುದಾ? ಹೌದು, ಇಲ್ಲ ಎರಡೂ ಇವೆ. ಇಲ್ಲ ಅಂದವರ ಮಗು ವಿಡಿಯೋ ತೆಗೆಯುವ ದಿನ ಹಿಂದಿನ ಸಾಲಿನಲ್ಲಿ, ಕ್ಯಾಮೆರಾಗೆ ಕಾಣದ ಹಾಗೆ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ 18 ವರ್ಷದೊಳಗಿನವರನ್ನು ಮಕ್ಕಳು ಅಂತಲೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಮಗುವಿನ ಪೂರ್ತಿ ಹೆಸರು, ಶಾಲೆ, ಬಡಾವಣೆ ಒಟ್ಟಿಗೆ ಬರೆಯಬೇಡಿ. ಅಳುವ ಮಗು, ಪೆಟ್ಟಾದ ಮಗು, ಬಟ್ಟೆ ಬದಲಿಸುವ ಜಾಗ, ಇವು ಕ್ಯಾಮೆರಾಗೆ ಬೇಡವೇ ಬೇಡ.

ಸಿನಿಮಾ ಹಾಡು ಹಾಕಿದ ರೀಲ್ ಅನ್ನು ಆಮೇಲೆ ದುಡ್ಡು ಕೊಟ್ಟು ಬೂಸ್ಟ್ ಮಾಡೋಕೆ ಆಗುವುದಿಲ್ಲ, ಹಕ್ಕಿನ ತೊಂದರೆ ಬರುತ್ತದೆ. ಮೂವತ್ತು ಮಕ್ಕಳು ಒಟ್ಟಿಗೆ "ಕಿಯಾಯ್" ಅಂತ ಕೂಗುವ ಶಬ್ದವೇ ಸಾಕು, ಅದಕ್ಕಿಂತ ಚೆನ್ನಾದ ಮ್ಯೂಸಿಕ್ ಬೇಕಾ? ಬೇಲೂರಿನಲ್ಲಿ ಸಳ ಸಿಂಹದ ಜೊತೆ ಹೋರಾಡುವ ಶಿಲ್ಪದ ಎದುರು ಕಟಾ (ಒಬ್ಬರೇ ಮಾಡುವ ಕ್ರಮಬದ್ಧ ವರಸೆ) ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಅದು ಪೂಜೆ ನಡೆಯುವ ದೇವಸ್ಥಾನ, ಪುರಾತತ್ವ ಇಲಾಖೆಯ ಸ್ಮಾರಕ. ಮೊದಲು ಅನುಮತಿ ಕೇಳಿ.

ಹೇಳುವ ಮಾತು ನಿಜ ಇರಲಿ

ಕರಾಟೆ ಒಲಿಂಪಿಕ್ ಕ್ರೀಡೆ ಅಂತ ಇನ್ನೂ ಪಾಂಪ್ಲೆಟ್ ಹಂಚುವವರಿದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇತ್ತು, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್‌ನಲ್ಲೂ ಇಲ್ಲ. ಟೇಕ್ವಾಂಡೋ 2000ದ ಸಿಡ್ನಿಯಿಂದ ಪದಕದ ಕ್ರೀಡೆಯಾಗಿ ಇದೆ. ಹೆತ್ತವರು ಇದನ್ನು ಅರ್ಧ ನಿಮಿಷದಲ್ಲಿ ಹುಡುಕಿ ನೋಡುತ್ತಾರೆ. ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್, ಸ್ಪೋರ್ಟ್ಸ್ ಕೋಟಾದಲ್ಲಿ ಸೀಟ್ ಗ್ಯಾರಂಟಿ, ಇಂಥ ಮಾತೂ ಬೇಡ. ನಿಮ್ಮ ಡಾನ್ ಸರ್ಟಿಫಿಕೇಟ್ ಯಾರು ಕೊಟ್ಟರು, ಯಾವ ವರ್ಷ ಅಂತ ಫೋಟೋ ಸಮೇತ ಹಾಕಿ. ಅದು ಸಾಕು.

ದುಡ್ಡು ಕೊಟ್ಟು ಜಾಹೀರಾತು

ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಒಬ್ಬರು ತಿಂಗಳಿಗೆ ಐದು ಸಾವಿರ ಫಾಲೋವರ್ಸ್ ತರುತ್ತೇವೆ ಅಂದರು. ಬಂದರು, ಎಲ್ಲಿಂದಲೋ. ಹಾಸನದಲ್ಲಿ ಕ್ಲಾಸ್ ನಡೆಸುವ ನನಗೆ ಉತ್ತರ ಭಾರತದ ಐದು ಸಾವಿರ ಜನ ಯಾಕೆ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಗುವನ್ನು ವಾರಕ್ಕೆ ಮೂರು ದಿನ ಸ್ಕೂಟರ್‌ನಲ್ಲಿ ಕರೆತರುವವರು ಮೂರು ನಾಲ್ಕು ಕಿಲೋಮೀಟರ್‌ಗಿಂತ ದೂರದಿಂದ ಬರುವುದು ಕಡಿಮೆ. ಆದ್ದರಿಂದ ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್) ಜಾಹೀರಾತಿನಲ್ಲಿ ಇಡೀ ಕರ್ನಾಟಕ ಅಂತ ಬಿಡದೆ, ಮ್ಯಾಪ್ ಮೇಲೆ ನಿಮ್ಮ ಕ್ಲಾಸಿನ ಜಾಗದಲ್ಲಿ ಪಿನ್ ಹಾಕಿ ಸುತ್ತ ನಾಲ್ಕು ಕಿಲೋಮೀಟರ್ ಕೊಡಿ. ಕುವೆಂಪುನಗರ, ವಿದ್ಯಾನಗರ, ಕೆ.ಆರ್. ಪುರಂ ಅಂತ ನಿಮ್ಮ ಸುತ್ತಲ ಬಡಾವಣೆಯ ಹೆಸರನ್ನೇ ಮೊದಲ ಸಾಲಿನಲ್ಲಿ ಬರೆಯಿರಿ, ತಮ್ಮ ಬಡಾವಣೆ ಹೆಸರು ಕಂಡರೆ ಬೆರಳು ನಿಲ್ಲುತ್ತದೆ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಆರಿಸಿ. ದಿನಕ್ಕೆ ₹150ರಂತೆ ಹತ್ತು ದಿನ ಅಂದರೆ ₹1500, ಅದರ ಮೇಲೆ 18% ಜಿಎಸ್‌ಟಿ ಸೇರಿ ₹1770. ಇದರಿಂದ ಮೂವರು ಸೇರಿದರೂ ಒಂದೇ ತಿಂಗಳ ಫೀಸಿಗೆ ಖರ್ಚು ಹುಟ್ಟುತ್ತದೆ. ಮೆಸೇಜ್ ಬರುತ್ತಿದೆ, ಆದರೆ ಯಾರೂ ಕ್ಲಾಸ್ ನೋಡೋಕೆ ಬರುತ್ತಿಲ್ಲ ಅಂದರೆ ಜಾಹೀರಾತಿಗೆ ಮತ್ತೆ ದುಡ್ಡು ಸುರಿಯಬೇಡಿ, ನಿಮ್ಮ ಉತ್ತರ ಸರಿ ಮಾಡಿ.

ಯಾವಾಗ ಮಾಡಬೇಕು ಅನ್ನುವುದು ಅರ್ಧ ಕೆಲಸ

ಮಾರ್ಚ್‌ನಲ್ಲಿ ಪರೀಕ್ಷೆ. ಆಗ ಜಾಹೀರಾತು ಹಾಕಿದರೆ ದಂಡ. ಏಪ್ರಿಲ್ ಮೊದಲ ವಾರದಿಂದ ಬೇಸಿಗೆ ಶಿಬಿರದ ಸುದ್ದಿ ಬಿಡಿ. ಬೆಂಗಳೂರಿನಿಂದ ಅಜ್ಜಿ ಮನೆಗೆ ಬರುವ ಮೊಮ್ಮಕ್ಕಳು ಇಲ್ಲಿ ತುಂಬಾ ಜನ. ಅವರಿಗೆ ಅಂತಲೇ 20 ದಿನದ ಬೆಳಗಿನ ಶಿಬಿರ ಇಡಿ. ಅವರು ವಾಪಸ್ ಹೋಗುತ್ತಾರೆ ನಿಜ, ಆದರೆ ಜೊತೆಗೆ ಬಂದ ಪಕ್ಕದ ಮನೆ ಮಕ್ಕಳು ಉಳಿಯುತ್ತಾರೆ.

ದೊಡ್ಡ ಸೀಸನ್ ಅಂದರೆ ಜೂನ್. ಶಾಲೆ ಶುರುವಾಗಿ, ಹೊಸ ಟೈಮ್‌ಟೇಬಲ್ ಬಂದು, ಟ್ಯೂಷನ್ ಸಮಯ ಗೊತ್ತಾಗುವ ಎರಡು ಮೂರು ವಾರ. ಜುಲೈ, ಆಗಸ್ಟ್‌ನಲ್ಲಿ ಮಳೆ ಹಿಡಿದರೆ ಹಾಜರಿ ಇಳಿಯುತ್ತದೆ, ಸಕಲೇಶಪುರ, ಆಲೂರು ಕಡೆಯವರ ಗತಿ ಹೇಳುವುದೇ ಬೇಡ. ಆ ದಿನಗಳಲ್ಲಿ ಮನೆಯಲ್ಲಿ ಮಾಡುವ ಹತ್ತು ನಿಮಿಷದ ಅಭ್ಯಾಸದ ವಿಡಿಯೋ ಗ್ರೂಪ್‌ಗೆ ಕಳಿಸಿ, ಮಕ್ಕಳು ಮಾಡಿ ವಾಪಸ್ ಕಳಿಸಲಿ. ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ. ಹಾಸನಾಂಬ ದೇವಸ್ಥಾನ ತೆರೆಯುವ ದಿನಗಳಲ್ಲಿ ಊರ ತುಂಬ ಜನ, ದಾರಿ ತುಂಬ ವಾಹನ. ಆಗ ಹೊಸ ಬ್ಯಾಚ್ ಶುರು ಮಾಡಬೇಡಿ, ದೀಪಾವಳಿ ಕಳೆಯಲಿ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ಡಿಸೆಂಬರ್‌ನ ಶಾಲಾ ವಾರ್ಷಿಕೋತ್ಸವಗಳಲ್ಲಿ ಐದು ನಿಮಿಷದ ಪ್ರದರ್ಶನಕ್ಕೆ ಒಂದು ತಿಂಗಳು ಮೊದಲೇ ಹೋಗಿ ಕೇಳಿ. ಅಲ್ಲಿ ಕೂತ ಹೆತ್ತವರೆಲ್ಲ ಮೊಬೈಲ್ ಹಿಡಿದೇ ಇರುತ್ತಾರೆ. ಮಕ್ಕಳ ಬೆನ್ನ ಮೇಲೆ ಕ್ಲಾಸಿನ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಇರಲಿ.

ಬಾಗಿಲಿಗೆ ಬಂದ ಮೇಲೆ

ಇಂಟರ್ನೆಟ್ ಕೆಲಸ ಗೇಟಿನವರೆಗೆ. ಅಲ್ಲಿ ಎರಡು ಕುರ್ಚಿ ಹಾಕಿ, ಕೂತು ನೋಡಲಿ. ಮಗುವಿನ ಹೆಸರು ಕೇಳಿ, ಕ್ಲಾಸ್ ಮುಗಿಯುವವರೆಗೆ ನಾಲ್ಕೈದು ಸಲ ಹೆಸರು ಹಿಡಿದು ಕರೆಯಿರಿ. ಅದೇ ವಯಸ್ಸಿನ ಹಳೇ ಮಗುವನ್ನು ಪಕ್ಕ ನಿಲ್ಲಿಸಿ. ಹೆಣ್ಣುಮಕ್ಕಳ ಬ್ಯಾಚ್ ಇದ್ದರೆ ಕಲಿಸೋಕೆ ಒಬ್ಬ ಸೀನಿಯರ್ ಹುಡುಗಿಯೂ ಇರಲಿ, ತಾಯಂದಿರು ಬಂದ ತಕ್ಷಣ ನೋಡುವುದು ಅದನ್ನೇ. ಹೊರಡುವಾಗ "ಸೇರಿಸ್ತೀರಾ?" ಅಂತ ಕೇಳಬೇಡಿ. "ಬುಧವಾರ ಬಾ ಪುಟ್ಟಾ, ಇವತ್ತಿನ ಕಿಕ್ ಅಪ್ಪಂಗೆ ತೋರ್ಸು" ಅಂತ ಮಗುವಿಗೆ ಹೇಳಿ. ಮನೆಯಲ್ಲಿ ಹಠ ಹಿಡಿಯುವುದು ಮಗು.

ಕೊನೆಯದಾಗಿ ಲೆಕ್ಕ. ಅದೇ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ನಾಲ್ಕು ಕಾಲಂ ಗೀಚಿ: ಯಾವತ್ತು ಕೇಳಿದರು, ನಮ್ಮ ಬಗ್ಗೆ ಹೇಗೆ ಗೊತ್ತಾಯಿತು, ನೋಡೋಕೆ ಬಂದರಾ, ಸೇರಿದರಾ. ಎರಡನೇ ಕಾಲಂ ಬಾಯಿಬಿಟ್ಟು ಕೇಳಿಯೇ ತುಂಬಿಸಿ. ಮೂರು ತಿಂಗಳು ಬರೆದರೆ ಯಾವುದಕ್ಕೆ ಸಮಯ ಕೊಡಬೇಕು ಅಂತ ನಿಮಗೇ ಕಾಣುತ್ತದೆ. ನನ್ನ ಪುಟದಲ್ಲಿ ಮ್ಯಾಪ್ ಮುಂದಿದೆ, ಹಳೇ ಪೋಷಕರು ಹೇಳಿ ಕಳಿಸಿದವರು ಅದಕ್ಕಿಂತ ಮುಂದಿದ್ದಾರೆ, ರೀಲ್ಸ್ ಮೂರನೆಯದು. ಆದರೆ ಹೇಳಿ ಕಳಿಸಿದವರೂ ಬರುವ ಮೊದಲು ಒಮ್ಮೆ ಮ್ಯಾಪ್ ತೆರೆದು ರಿವ್ಯೂ ಓದಿಯೇ ಬರುತ್ತಾರೆ.

ಇನ್ನೊಂದು ಪಟ್ಟಿಯೂ ನಿಮ್ಮ ಹತ್ತಿರವೇ ಇದೆ. ಕಳೆದ ಎರಡು ವರ್ಷದಲ್ಲಿ ಬಿಟ್ಟುಹೋದ ಮಕ್ಕಳ ನಂಬರ್‌ಗಳು. ಜೂನ್ ಮೊದಲ ವಾರ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಮಗುವಿನ ಹೆಸರು ಹಾಕಿ ಕಳಿಸಿ: "ಹೇಗಿದ್ದಾನೆ? ಹಸಿರು ಬೆಲ್ಟ್‌ವರೆಗೆ ಬಂದಿದ್ದ. ಮತ್ತೆ ಬರೋದಾದ್ರೆ ಅಲ್ಲಿಂದಲೇ ಶುರು ಮಾಡೋಣ." ಹೋದ ವರ್ಷ ನಾನು 31 ಜನರಿಗೆ ಕಳಿಸಿದೆ. ಆರು ಮಕ್ಕಳು ವಾಪಸ್ ಬಂದರು. ಅದರಲ್ಲಿ ಒಬ್ಬಳು ತಂಗಿಯನ್ನೂ ಕರೆದುಕೊಂಡು ಬಂದಳು.